ನೆರೆ ಬರುವಾಗ ನಾಯಿಯನ್ನು ಕಟ್ಟಬೇಕಾ, ಬಿಚ್ಚಿ ಬಿಡಬೇಕಾ?

ಪ್ರಶ್ನೆ: ನಮ್ಮದು ಉಡುಪಿ ತಾಲೂಕಿನಲ್ಲಿ ಸ್ವರ್ಣಾ ನದಿ ಬದಿಯ ಮನೆ. ನಾನು, ಗಂಡ, ಅತ್ತೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಆರು ವರ್ಷದ ಊರ ನಾಯಿ ಇದೆ, ಎರಡು ಬೆಕ್ಕು ಇದ್ದವು, ಹಟ್ಟಿಯಲ್ಲಿ ಒಂದು ದನ ಮತ್ತು ಕರು. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಅಂಗಳಕ್ಕೆ ನೀರು ಬಂತು. ದೋಣಿಯಲ್ಲಿ ಬಂದವರು ಮೊದಲು ಜನ ಹತ್ತಿ, ನಾಯಿಗೆ ಜಾಗ ಇಲ್ಲ ಎಂದರು. ಗಂಡ ಅದರ ಚೈನ್ ಬಿಚ್ಚಿ ಬಿಟ್ಟರು. ನೀರು ಇಳಿದು ನಾವು ವಾಪಸ್ ಬಂದಾಗ ನಾಯಿ ಪಕ್ಕದ ಮನೆಯ ಟೆರೇಸಿನಲ್ಲಿತ್ತು. ದನ, ಕರು ಎತ್ತರದಲ್ಲಿ ನಿಂತು ಬದುಕಿಕೊಂಡವು. ಒಂದು ಬೆಕ್ಕು ಇವತ್ತಿನವರೆಗೂ ಸಿಕ್ಕಿಲ್ಲ. ಪ್ರಾಣಿಗಳಿಗೆ ನಮಗಿಂತ ಮೊದಲೇ ಗೊತ್ತಾಗ್ತದೆ, ಹೇಗೂ ಈಜಿ ಪಾರಾಗ್ತವೆ ಅಂತಾರೆ ಅತ್ತೆ. ನಿದ್ದೆ ಮಾತ್ರೆ ಕೊಟ್ಟು ಗೋಣಿಯಲ್ಲಿ ಹಾಕಿ ಕೊಂಡೋಗುವ ಅಂತಾರೆ ಗಂಡ. ಕಾಳಜಿ ಕೇಂದ್ರದಲ್ಲಿ ನಾಯಿಯನ್ನು ಸೇರಿಸುತ್ತಾರಾ? ನೆರೆ ನೀರಿನಲ್ಲಿ ಓಡಾಡಿದ ನಾಯಿಯಿಂದ ಮಕ್ಕಳಿಗೆ ಇಲಿ ಜ್ವರ ಬರ್ತದಾ? ಮಳೆ ಶುರುವಾಗಲು ಇನ್ನೊಂದು ತಿಂಗಳಿದೆ. ಈಗಿನಿಂದಲೇ ಏನು ಮಾಡಬೇಕು ಹೇಳಿ.

ಉತ್ತರ: ನಿಮ್ಮ ಪ್ರಶ್ನೆಗಳು ನಾಲ್ಕೈದು ಇದ್ದರೂ ಚಿಂತೆ ಒಂದೇ. ಅಂಥ ರಾತ್ರಿ ಮತ್ತೆ ಬಂದರೆ ದೋಣಿ ಹತ್ತುವಾಗ ನಾಯಿಯನ್ನು ಹಿಂದೆ ಬಿಟ್ಟು ಹೋಗುವ ಹಾಗೆ ಆಗಬಾರದು, ಅಷ್ಟೇ ಅಲ್ವಾ? ಅದಕ್ಕೆ ನೇರ ಉತ್ತರ ಮೊದಲೇ ಕೊಡುತ್ತೇನೆ. ನೀರು ಅಂಗಳಕ್ಕೆ ಬಂದ ಮೇಲೆ ಪ್ರಾಣಿಗಳ ವಿಷಯ ನಿಮ್ಮ ಕೈಯಲ್ಲಿ ಇರುವುದಿಲ್ಲ. ದೋಣಿಯವರು ಹೇಳಿದ ಹಾಗೆ ಕೇಳಬೇಕಾಗುತ್ತದೆ. ಅವರು ಜನರನ್ನು ಮೊದಲು ಹತ್ತಿಸುವುದೂ ಸರಿಯೇ. ಹಾಗಾಗಿ ನಾಯಿ, ಬೆಕ್ಕು, ದನ ಇರುವ ಮನೆಯವರು ಉಳಿದವರಿಗಿಂತ ಅರ್ಧ ದಿನ ಮೊದಲೇ ಹೊರಡಬೇಕು. ಹಗಲಿನಲ್ಲಿ, ರಸ್ತೆಯಲ್ಲಿ ರಿಕ್ಷಾ ಓಡಾಡುತ್ತಿರುವಾಗಲೇ. ಉಡುಪಿ ಕಡೆ ಪಶುವೈದ್ಯ ವೃತ್ತಿಯಲ್ಲಿ ನಾನು ನೋಡಿದ ಮಟ್ಟಿಗೆ, ನೆರೆಯಲ್ಲಿ ಕಳೆದುಹೋದ ಹೆಚ್ಚಿನ ಪ್ರಾಣಿಗಳ ಮನೆಯವರು ಪ್ರೀತಿ ಇಲ್ಲದವರಲ್ಲ. ಇನ್ನೊಂದು ಗಂಟೆ ನೋಡುವ ಅಂತ ಕಾದವರು.

ಕಾಯುವುದು ಯಾಕೆ ಅಪಾಯ ಎಂದರೆ, ನಮ್ಮ ಕರಾವಳಿಯ ನದಿಗಳು ಉದ್ದ ಕಡಿಮೆ, ಇಳಿಜಾರು ಜಾಸ್ತಿ. ಸ್ವರ್ಣಾ ಬರುವುದು ಕಾರ್ಕಳ ಕಡೆಯ ಘಟ್ಟದ ಬುಡದಿಂದ. ನಿಮ್ಮ ಮನೆ ಮೇಲೆ ಮಳೆ ಬಿಟ್ಟಿದ್ದರೂ ಅಲ್ಲಿ ಹೊಡೆಯುತ್ತಿದ್ದರೆ ಕೆಲವೇ ಗಂಟೆಯಲ್ಲಿ ಆ ನೀರು ಕೆಳಗೆ ಬರುತ್ತದೆ. ಅದೇ ಹೊತ್ತಿಗೆ ಕಡಲಿನಲ್ಲಿ ಭರತ, ಅಂದರೆ ಉಬ್ಬರ, ಇದ್ದರೆ ನದಿ ಕಡಲು ಸೇರುವ ಅಳಿವೆಯಲ್ಲಿ ನೀರು ಹೊರಗೆ ಹೋಗಲು ದಾರಿ ಇಲ್ಲದೆ ಹಿಂದಕ್ಕೆ ತುಂಬುತ್ತದೆ. ಮಂಗಳೂರಿನ ನೇತ್ರಾವತಿ, ಫಲ್ಗುಣಿ ಬದಿಯವರಿಗೂ, ಮೂಲ್ಕಿಯ ಶಾಂಭವಿ ಬದಿಯವರಿಗೂ ಇದು ಗೊತ್ತಿರುವ ವಿಷಯ. 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ಹೀಗೇ ರಾತ್ರಿ ಬೆಳಗಾಗುವುದರೊಳಗೆ ನೀರು ಏರಿತು. ನದಿ ಬದಿ ಬಿಡಿ, ಪೇಟೆಯ ಕಲ್ಸಂಕದ ಆಸುಪಾಸಿನಲ್ಲೂ ಇಂದ್ರಾಣಿ ತೋಡು ಉಕ್ಕಿ ಮನೆಗಳಿಗೆ ನುಗ್ಗಿತು. ಅಂಥ ಹೊತ್ತಿನಲ್ಲಿ ಕತ್ತಲೆ, ಕರೆಂಟ್ ಇಲ್ಲ, ಮಕ್ಕಳು ಅಳುತ್ತಿರುತ್ತಾರೆ. ಅದರ ನಡುವೆ ಮಂಚದ ಅಡಿ ಸೇರಿದ ಬೆಕ್ಕನ್ನು ಹಿಡಿಯಲು ಯಾರಿಂದಲೂ ಆಗುವುದಿಲ್ಲ.

ಅತ್ತೆಯವರು ಹೇಳುವ ಮಾತು

ಅವರ ಮಾತನ್ನು ತಳ್ಳಿಹಾಕಬೇಡಿ. ಅದರಲ್ಲಿ ಅರ್ಧ ಸತ್ಯ ಇದೆ. ನಾಯಿಯ ಕಿವಿ, ಮೂಗು ನಮಗಿಂತ ಎಷ್ಟೋ ಚುರುಕು. ದೂರದ ಗುಡುಗು, ತೋಡಿನ ಸದ್ದು ಬದಲಾಗುವುದು, ಹಟ್ಟಿಯ ಹಿಂದಿನಿಂದ ಇಲಿ ಹಾವುಗಳು ಮೇಲೆ ಬರುವುದು, ಇದೆಲ್ಲ ಅದಕ್ಕೆ ಮೊದಲು ಗೊತ್ತಾಗಬಹುದು. ಅದು ಬೊಗಳಬಹುದು, ನಿಂತಲ್ಲಿ ನಿಲ್ಲದೆ ತಿರುಗಬಹುದು. ಆದರೆ ಗೊತ್ತಾಗುವುದು ಬೇರೆ, ಪಾರಾಗುವುದು ಬೇರೆ. ಸಾಕಿದ ನಾಯಿ ಅಪಾಯ ಕಂಡಾಗ ಗುಡ್ಡೆ ಹತ್ತಿ ಹೋಗುವುದಿಲ್ಲ. ಅದು ಮನೆಗೇ ಬರುತ್ತದೆ. ಮನೆ ಮುಳುಗುತ್ತಿದ್ದರೂ ಜಗಲಿ ಬಿಡುವುದಿಲ್ಲ. ಬೆಕ್ಕು ಇನ್ನೂ ಕಷ್ಟ. ಹೆದರಿದ ಬೆಕ್ಕು ಓಡುವುದಕ್ಕಿಂತ ಅಡಗುವುದೇ ಜಾಸ್ತಿ. ಕಪಾಟಿನ ಹಿಂದೆ, ಅಟ್ಟದ ಮೂಲೆಯಲ್ಲಿ, ಸೌದೆ ರಾಶಿಯ ಒಳಗೆ. ನೀವು ಹೆಸರು ಹಿಡಿದು ಕರೆದರೂ ಉಸಿರು ಬಿಡದೆ ಕೂತಿರುತ್ತದೆ.

ಇನ್ನು ಈಜು. ಹೆಚ್ಚಿನ ನಾಯಿಗಳು ನೀರಿಗೆ ಬಿದ್ದರೆ ಕಾಲು ಹೊಡೆಯುತ್ತವೆ, ನಿಜ. ಕೆರೆಯಲ್ಲಿ ಚೆಂಡು ತರುವ ನಾಯಿಯನ್ನು ನೋಡಿ ನಾವು ಧೈರ್ಯ ತಂದುಕೊಳ್ಳುತ್ತೇವೆ. ನೆರೆ ನೀರು ಕೆರೆ ಅಲ್ಲ. ಸೆಳೆತ ಇದೆ, ತೇಲಿ ಬರುವ ಮರದ ದಿಮ್ಮಿ, ತಗಡು, ಬೇಲಿ ತಂತಿ ಇದೆ. ನಾಯಿ ಸೆಳೆತಕ್ಕೆ ಎದುರಾಗಿ ಮನೆ ಕಡೆಗೇ ಈಜಲು ನೋಡುತ್ತದೆ, ಸುಸ್ತಾಗುತ್ತದೆ, ನೀರು ಕುಡಿಯುತ್ತದೆ. ಬದುಕಿ ಬಂದದ್ದು ಕೂಡ ಶ್ವಾಸಕೋಶಕ್ಕೆ ನೀರು ಹೋಗಿ ಮರುದಿನ ಉಸಿರಾಟದ ತೊಂದರೆ ಮಾಡಿಕೊಳ್ಳಬಹುದು. ಪಗ್, ಬುಲ್‌ಡಾಗ್‌ನಂಥ ಮೋಟು ಮೂಗಿನ ನಾಯಿಗಳು, ಗಿಡ್ಡ ಕಾಲಿನ ಡ್ಯಾಷ್‌ಹೌಂಡ್ ಇವೆಲ್ಲ ಈಜಿನಲ್ಲಿ ತೀರಾ ಹಿಂದೆ. ನಿಮ್ಮ ಊರ ನಾಯಿ ಟೆರೇಸ್ ಹತ್ತಿ ಉಳಿಯಿತು. ಹತ್ತಿರದಲ್ಲಿ ಟೆರೇಸ್ ಇತ್ತು, ಚೈನ್ ಬಿಚ್ಚಿತ್ತು, ಅದಕ್ಕೇ ಉಳಿಯಿತು.

ಕಟ್ಟುವುದಾ, ಬಿಚ್ಚುವುದಾ

ಇಲ್ಲಿ ನನಗೆ ಎರಡು ಮಾತಿಲ್ಲ. ನೀರು ಏರುವ ಜಾಗದಲ್ಲಿ ಯಾವ ಪ್ರಾಣಿಯನ್ನೂ ಕಟ್ಟಿ ಬಿಟ್ಟು ಹೋಗಬಾರದು. ಗೂಡಿನಲ್ಲಿ ಬೀಗ ಹಾಕಿಯೂ ಬಿಡಬಾರದು. ನಿಮ್ಮ ಗಂಡ ಆ ರಾತ್ರಿ ಮಾಡಿದ್ದು ಸರಿ.

ಜಗಲಿ ಕಂಬಕ್ಕೆ ಕಟ್ಟಿದ ನಾಯಿಗೆ ಏನಾಗುತ್ತದೆ ಹೇಳುತ್ತೇನೆ, ಓದಲು ಕಷ್ಟವಾದರೂ. ನೀರು ಕಾಲಿಗೆ ಬಂದಾಗ ಅದು ಕಂಬದ ಸುತ್ತ ಸುತ್ತುತ್ತದೆ. ಸುತ್ತಿದಷ್ಟೂ ಚೈನ್ ಗಿಡ್ಡವಾಗುತ್ತದೆ. ನೀರು ಎದೆ ಮಟ್ಟಕ್ಕೆ ಬರುವ ಹೊತ್ತಿಗೆ ಅದಕ್ಕೆ ತಲೆ ಎತ್ತುವಷ್ಟೂ ಹಗ್ಗ ಉಳಿದಿರುವುದಿಲ್ಲ. ಅಂಥದ್ದರಲ್ಲೂ ಬದುಕಿ ಬಂದ ನಾಯಿಗಳನ್ನು ಕಂಡಿದ್ದೇನೆ. ಕೊರಳ ಸುತ್ತ ರೋಮ ಉದುರಿ, ಚರ್ಮ ಸುಲಿದು, ಬೆಲ್ಟಿನ ಅಡಿ ಹುಳ ಆಗಿರುತ್ತದೆ. ಮುಂಗಾಲಿನ ಉಗುರು ಬುಡದವರೆಗೆ ಮುರಿದಿರುತ್ತದೆ, ಕಂಬ ಕೆರೆದು ಕೆರೆದು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಗಿಡ್ಡ ಚೈನಿನಲ್ಲಿ ಹೊತ್ತುಗಟ್ಟಲೆ ಕಟ್ಟುವುದೂ ತಪ್ಪು, ಸರಿಯಾದ ಕಾರಣ ಇಲ್ಲದೆ ಹಸಿವು ಬಾಯಾರಿಕೆಗೆ ಬಿಟ್ಟು ಹೋಗುವುದೂ ತಪ್ಪು. ಕಾನೂನು ಹೇಳಿ ಹೆದರಿಸಲು ಇದನ್ನು ಹೇಳುತ್ತಿಲ್ಲ. ಹಗ್ಗ ಬಿಚ್ಚಲು ಬೇಕಾಗುವುದು ಅರ್ಧ ನಿಮಿಷ, ಅದನ್ನು ಮನೆಯವರೆಲ್ಲ ನೆನಪಿನಲ್ಲಿ ಇಟ್ಟುಕೊಳ್ಳಲಿ ಅಂತ.

ಬಿಚ್ಚಿ ಬಿಡುವುದರಲ್ಲೂ ಅಪಾಯ ಇದೆ. ಹೆದರಿದ ನಾಯಿ ಎತ್ತ ಬೇಕಾದರೂ ಓಡಬಹುದು. ಬೇರೆ ನಾಯಿಗಳ ಜೊತೆ ಕಚ್ಚಾಡಬಹುದು, ರಕ್ಷಣೆಗೆ ಬಂದವರನ್ನೇ ಕಚ್ಚಬಹುದು. ಅದಕ್ಕೇ ಬಿಚ್ಚಿ ಬಿಡುವುದು ಕಟ್ಟಕಡೆಯ ದಾರಿ.

ಹಾಗಾದರೆ ಮೊದಲ ದಾರಿ ಯಾವುದು? ಎತ್ತರದ ಜಾಗದಲ್ಲಿರುವ ನೆಂಟರ ಅಥವಾ ಗೆಳೆಯರ ಮನೆ. ಈ ಮಾತನ್ನು ಈಗಲೇ, ಮಳೆ ಇಲ್ಲದಾಗಲೇ ಆಡಿಕೊಳ್ಳಿ. ರೆಡ್ ಅಲರ್ಟ್ ಬಂದರೆ ನಾಯಿಯನ್ನು ಎರಡು ದಿನ ನಿಮ್ಮಲ್ಲಿ ಬಿಡುತ್ತೇವೆ, ಒಳಗೆ ಬೇಡ, ಹಿಂದಿನ ಜಗಲಿಯಲ್ಲಿ ಕಟ್ಟಿದರೆ ಸಾಕು ಅಂತ ಸ್ಪಷ್ಟವಾಗಿ ಕೇಳಿ. ದೇವರ ಕೋಣೆ ಇರುವ ಮನೆಯಲ್ಲಿ ನಾಯಿ ಒಳಗೆ ಬಂದರೆ ಹಿರಿಯರಿಗೆ ಸರಿ ಬರುವುದಿಲ್ಲ. ಅದನ್ನು ಮೊದಲೇ ಮಾತಾಡಿ ಮುಗಿಸಿದರೆ ಆ ದಿನ ಮುಜುಗರ ಇಲ್ಲ. ಒಂದು ಭಾನುವಾರ ನಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಊಟ ಹಾಕಿಸಿ ಬನ್ನಿ. ಗುರುತಿನ ಜಾಗಕ್ಕೆ ಬಂದ ನಾಯಿ ರಾತ್ರಿಯಿಡೀ ಊಳಿಡುವುದು ಕಡಿಮೆ.

ಕಾಳಜಿ ಕೇಂದ್ರದ ವಿಷಯ ಕೇಳಿದ್ದೀರಿ. ಅವು ಹೆಚ್ಚಾಗಿ ಶಾಲೆ, ಸಭಾಭವನಗಳಲ್ಲಿ ಇರುತ್ತವೆ. ಮಕ್ಕಳು, ಬಾಣಂತಿಯರು, ವಯಸ್ಸಾದವರು ಒಂದೇ ಹಾಲ್‌ನಲ್ಲಿ ಚಾಪೆ ಹಾಸಿ ಮಲಗುವ ಕಡೆ ನಾಯಿಯನ್ನು ಒಳಗೆ ಬಿಡಿ ಎನ್ನುವುದು ಕಷ್ಟ. ಕೆಲವರಿಗೆ ಭಯ, ಕೆಲವರಿಗೆ ಅಲರ್ಜಿ. ಆದರೆ ಅದೇ ಶಾಲೆಯ ಸೈಕಲ್ ಶೆಡ್, ಹಿಂದಿನ ವರಾಂಡ ಸಿಗಬಹುದು. ಈ ತಿಂಗಳಲ್ಲೇ ಪಂಚಾಯತ್‌ಗೆ ಹೋಗಿ ಪಿಡಿಒ ಅವರನ್ನೂ ಗ್ರಾಮ ಆಡಳಿತಾಧಿಕಾರಿಯನ್ನೂ ಕೇಳಿ. ನಿಮ್ಮ ಬೀದಿಯಲ್ಲಿ ಇನ್ನೂ ನಾಲ್ಕು ಮನೆಯಲ್ಲಿ ನಾಯಿ, ದನ ಇರಬಹುದು. ಒಟ್ಟಿಗೆ ಹೋಗಿ ಕೇಳಿದರೆ ತೂಕ ಬರುತ್ತದೆ. ಯಾವ ಮನೆಯಲ್ಲಿ ಎಷ್ಟು ಪ್ರಾಣಿ ಇದೆ ಎಂದು ಒಂದು ಹಾಳೆಯಲ್ಲಿ ಬರೆದು ಕೊಡಿ.

ಪ್ರಾಣಿಗೆ ಜಾಗ ಕೊಡುವುದು ಪ್ರಾಣಿಪ್ರೇಮದ ವಿಷಯ ಮಾತ್ರ ಅಲ್ಲ. ಅಮೆರಿಕದಲ್ಲಿ 2005ರ ಕತ್ರೀನಾ ಚಂಡಮಾರುತದ ಹೊತ್ತಿಗೆ ಸಾಕುಪ್ರಾಣಿ ಬಿಟ್ಟು ಬರಲೊಪ್ಪದೆ ಅನೇಕ ಜನ ಮನೆಯಲ್ಲೇ ಉಳಿದರು. ಮರುವರ್ಷ, 2006ರಲ್ಲಿ, ಜನರನ್ನು ಸ್ಥಳಾಂತರ ಮಾಡುವ ಯೋಜನೆಯಲ್ಲಿ ಸಾಕುಪ್ರಾಣಿಗಳೂ ಸೇರಿರಬೇಕು ಎಂದು ಅಲ್ಲಿ ಕಾನೂನೇ ಬಂತು. ನಮ್ಮಲ್ಲೂ ದನ ಬಿಟ್ಟು ಬರುವುದಿಲ್ಲ ಎಂದು ಹಟ್ಟಿಯಲ್ಲೇ ಕೂರುವ ಅಜ್ಜ ಅಜ್ಜಿಯರು ಎಲ್ಲ ಊರಿನಲ್ಲೂ ಇದ್ದಾರೆ. ದನಕ್ಕೆ ಜಾಗ ತೋರಿಸಿದರೆ ಅವರೂ ಹೊರಡುತ್ತಾರೆ. ಅಧಿಕಾರಿಗಳ ಹತ್ತಿರ ಇದನ್ನೇ ಹೇಳಿ.

ಯಾವಾಗ ಹೊರಡಬೇಕು ಎನ್ನುವುದಕ್ಕೆ ನಾನು ಹೇಳುವ ಲೆಕ್ಕ ಇದು. ಹವಾಮಾನ ಇಲಾಖೆಯ ಆರೆಂಜ್ ಅಲರ್ಟ್ ಎಂದರೆ 24 ಗಂಟೆಯಲ್ಲಿ 115.6ರಿಂದ 204.4 ಮಿಲಿಮೀಟರ್ ಮಳೆಯ ಸಾಧ್ಯತೆ, ರೆಡ್ ಎಂದರೆ ಅದಕ್ಕಿಂತ ಜಾಸ್ತಿ. ಆರೆಂಜ್ ಬಂದ ದಿನ ಚೀಲ ಕಟ್ಟಿಡಿ, ಬೆಕ್ಕನ್ನು ಮನೆಯೊಳಗೇ ಇಟ್ಟುಕೊಳ್ಳಿ, ಭರತದ ಸಮಯ ನೋಡಿಕೊಳ್ಳಿ. ರೆಡ್ ಬಂದರೆ ಅದೇ ಸಂಜೆಯೊಳಗೆ ಪ್ರಾಣಿಗಳು ಎತ್ತರದಲ್ಲಿರಲಿ. ನೀರು ಬಾರದೆ ಹೋದರೆ ಮರುದಿನ ವಾಪಸ್ ಕರೆದುಕೊಂಡು ಬಂದರಾಯಿತು. ಸುಮ್ನೆ ಓಡಾಡಿಸಿದ್ದು ಎಂದು ಯಾರಾದರೂ ನಕ್ಕರೆ ನಗಲಿ.

ಮಾತ್ರೆ ಮತ್ತು ಗೋಣಿ

ಎರಡೂ ಬೇಡ. ಮನುಷ್ಯರ ನಿದ್ದೆ ಮಾತ್ರೆಯ ಅಳತೆ ನಾಯಿಗೆ ಹೊಂದುವುದಿಲ್ಲ. ಕೆಲವು ನಾಯಿಗಳು ನಿದ್ದೆ ಬದಲು ಇನ್ನೂ ಕೆರಳುತ್ತವೆ. ನಿದ್ದೆ ಬಂದರೂ ಅಪಾಯವೇ. ತೂರಾಡುವ ನಾಯಿ ದೋಣಿಯಿಂದ ಬಿದ್ದರೆ ಈಜಲಾರದು, ಒದ್ದೆಯಾಗಿ ಮೈ ತಣ್ಣಗಾದರೆ ಅದನ್ನು ತಡೆದುಕೊಳ್ಳಲಾರದು. ನಿಮ್ಮ ನಾಯಿ ಗುಡುಗಿಗೆ, ಪಟಾಕಿಗೆ ತೀರಾ ಹೆದರುವುದಾದರೆ ಅದಕ್ಕೇ ಆದ ಔಷಧ ಇದೆ. ವೈದ್ಯರು ತೂಕ ನೋಡಿ, ಹೃದಯ ಪರೀಕ್ಷೆ ಮಾಡಿ ಬರೆದುಕೊಡುತ್ತಾರೆ. ಅದನ್ನೂ ಒಂದು ಸಾಮಾನ್ಯ ದಿನ ಮನೆಯಲ್ಲಿ ಕೊಟ್ಟು ನೋಡಿರಬೇಕು. ಮೊದಲ ಸಲ ಕೊಡುವುದು ನೆರೆಯ ರಾತ್ರಿ ಆಗಬಾರದು. ಇನ್ನೊಂದು ಮಾತು. ಬೆಕ್ಕಿಗೆ ಪ್ಯಾರಾಸಿಟಮಾಲ್ ಯಾವತ್ತೂ ಕೊಡಬೇಡಿ. 500 ಮಿಲಿಗ್ರಾಮ್‌ನ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ಮಳೆಯಲ್ಲಿ ನೆಂದು ಬಂದಿದೆ, ಜ್ವರ ಇರಬಹುದು ಅಂತ ಕೊಟ್ಟು, ಮುಖ ಊದಿದ ಬೆಕ್ಕನ್ನು ತರುವವರು ಪ್ರತಿ ಮಳೆಗಾಲದಲ್ಲೂ ಇದ್ದಾರೆ.

ಗೋಣಿಯಲ್ಲಿ ನಾಯಿಯನ್ನು ಹಾಕಿದರೆ ಅದು ಹೆದರಿ ಕಚ್ಚುತ್ತದೆ, ನೀರಿಗೆ ಬಿದ್ದರೆ ಹೊರಬರಲು ದಾರಿಯೇ ಇಲ್ಲ. ನಾಯಿಗೆ ಎದೆಗೆ ಹಾಕುವ ಹಾರ್ನೆಸ್ ತನ್ನಿ. ಬೆನ್ನ ಮೇಲೆ ಹಿಡಿ ಇರುವಂಥದ್ದು ಸಿಕ್ಕಿದರೆ ಒಳ್ಳೆಯದು, ಅದನ್ನು ಹಿಡಿದು ಎತ್ತಬಹುದು. ದೋಣಿ ಹತ್ತಿಸುವಾಗ ಮನೆಯವರೊಬ್ಬರು ಮೊದಲು ಹತ್ತಿ ಕೂತಿರಲಿ, ಇನ್ನೊಬ್ಬರು ಎದೆ ಮತ್ತು ಹಿಂದಿನ ತೊಡೆ ಸೇರಿಸಿ ಎತ್ತಿ ಕೊಡಲಿ. ಕೂತವರ ಎರಡು ಕಾಲಿನ ನಡುವೆ, ದೋಣಿಯ ತಳದಲ್ಲಿ ನಾಯಿ ಮಲಗಲಿ. ಹಗ್ಗವನ್ನು ದೋಣಿಗೆ ಕಟ್ಟಬೇಡಿ, ನಿಮ್ಮ ಕೈಗೂ ಸುತ್ತಿಕೊಳ್ಳಬೇಡಿ. ಹಿಡಿದರೆ ಸಾಕು.

ದೋಣಿಯವರು ಬೇಡ ಎನ್ನುವುದು ಹೆಚ್ಚಾಗಿ ಕಚ್ಚುತ್ತದೆ ಎನ್ನುವ ಹೆದರಿಕೆಗೆ. ಬಾಯಿ ಕಟ್ಟಿದ ನಾಯಿಯನ್ನು ನೋಡಿದರೆ ಮನಸ್ಸು ಬದಲಿಸುತ್ತಾರೆ. ಬಾಯಿಕುಕ್ಕೆ ಇಲ್ಲದಿದ್ದರೆ ಹಳೆಯ ಹತ್ತಿ ಶಾಲಿನ ಪಟ್ಟಿ ಸಾಕು. ನಡುವೆ ಒಂದು ಸಡಿಲ ಗಂಟಿನ ಕುಣಿಕೆ ಮಾಡಿ ಮೂತಿಗೆ ಹಾಕಿ, ಎರಡು ತುದಿಗಳನ್ನು ಗಲ್ಲದ ಅಡಿ ಒಮ್ಮೆ ದಾಟಿಸಿ, ಕಿವಿಯ ಹಿಂದೆ ಎಳೆದರೆ ಬಿಚ್ಚುವಂಥ ಗಂಟು ಹಾಕಿ. ಹತ್ತು ನಿಮಿಷಕ್ಕಿಂತ ಜಾಸ್ತಿ ಬೇಡ. ನಾಯಿಗೆ ಬೆವರಿ ಮೈ ತಣ್ಣಗಾಗುವ ಅನುಕೂಲ ಹೆಚ್ಚು ಇಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಕಾವು ಇಳಿಸಿಕೊಳ್ಳಬೇಕು. ವಾಂತಿ ಮಾಡುವ ನಾಯಿಗೂ ಮೋಟು ಮೂಗಿನ ನಾಯಿಗೂ ಹೀಗೆ ಕಟ್ಟಲೇಬಾರದು. ಮಳೆಗಾಲದ ಮೊದಲು ಮನೆಯಲ್ಲಿ ಒಂದೆರಡು ಸಲ ಅಭ್ಯಾಸ ಮಾಡಿಸಿ, ಬಿಚ್ಚಿದ ಕೂಡಲೇ ಒಂದು ಮೀನಿನ ತುಂಡು ಕೊಡಿ.

ಬೆಕ್ಕಿಗೆ ಕ್ಯಾರಿಯರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೀನು, ಹಣ್ಣು ತುಂಬಿಸುವ ಪ್ಲಾಸ್ಟಿಕ್ ಕ್ರೇಟ್ ಎರಡು ತನ್ನಿ. ಒಂದರ ಮೇಲೆ ಒಂದು ಕವುಚಿ ನಾಲ್ಕು ಮೂಲೆ ಹಗ್ಗದಲ್ಲಿ ಬಿಗಿದರೆ ಗಾಳಿಯಾಡುವ ಗಟ್ಟಿ ಗೂಡು. ಮುಖ್ಯವಾದದ್ದು ಇದನ್ನು ಇವತ್ತೇ ತಂದು ಚಾವಡಿಯ ಮೂಲೆಯಲ್ಲಿ ಇಡುವುದು. ಮೇಲಿನ ಕ್ರೇಟ್ ತೆಗೆದಿಟ್ಟು, ನಿಮ್ಮ ಹಳೆಯ ಸೀರೆ ಹಾಸಿ, ಊಟ ಅಲ್ಲೇ ಹಾಕಿ. ಎರಡು ಮೂರು ವಾರದಲ್ಲಿ ಬೆಕ್ಕು ತಾನಾಗಿಯೇ ಅಲ್ಲಿ ಮಲಗಲು ಶುರು ಮಾಡುತ್ತದೆ. ಬೆಕ್ಕು ಹೆದರುವುದು ಅಟ್ಟದಿಂದ ಇಳಿಸಿದ, ಧೂಳು ವಾಸನೆಯ ಗೂಡಿಗೆ. ದಿನಾ ಮಲಗುವ ಜಾಗಕ್ಕೆ ಅಲ್ಲ.

ಏನೂ ಇಲ್ಲದ ಹೊತ್ತಿನಲ್ಲಿ ದಿಂಬಿನ ಕವರ್ ಕೈ ಹಿಡಿಯುತ್ತದೆ. ಕವರನ್ನು ಒಳಮಗ್ಗುಲು ತಿರುಗಿಸಿ ಕೈಗೆ ಹಾಕಿಕೊಳ್ಳಿ. ಅದೇ ಕೈಯಲ್ಲಿ ಬೆಕ್ಕಿನ ಕುತ್ತಿಗೆ ಹಿಂದಿನ ಚರ್ಮ ಹಿಡಿದು, ಇನ್ನೊಂದು ಕೈಯಲ್ಲಿ ಹಿಂಗಾಲು ಆಧರಿಸಿ, ಕವರನ್ನು ಬೆಕ್ಕಿನ ಮೇಲೆ ಎಳೆದು ಬಾಯಿ ಕಟ್ಟಿ. ಇದು ಸ್ವಲ್ಪ ಹೊತ್ತಿಗೆ ಮಾತ್ರ. ಬಟ್ಟೆ ಒದ್ದೆಯಾದರೆ ಗಾಳಿ ಹೋಗುವುದಿಲ್ಲ, ಬೆಕ್ಕು ಉಸಿರುಗಟ್ಟುತ್ತದೆ. ಕೊಡೆ ಅಡಿ, ಎದೆಗೆ ಒತ್ತಿ ಹಿಡಿದು ಹೋಗಿ, ಒಣ ಜಾಗ ತಲುಪಿದ ಕೂಡಲೇ ಕೋಣೆಯ ಬಾಗಿಲು ಕಿಟಕಿ ಹಾಕಿ ಬಿಚ್ಚಿ.

ಚೀಲದಲ್ಲಿ ಏನಿರಬೇಕು ಎಂದು ಉದ್ದ ಪಟ್ಟಿ ಕೊಡುವುದಿಲ್ಲ. ಲಸಿಕೆ ಕಾರ್ಡ್, ಇರುವ ಔಷಧ, ಒಂದು ಹೆಚ್ಚಿನ ಹಗ್ಗ, ಹಳೆಯ ಬೆಡ್‌ಶೀಟ್, ತಟ್ಟೆ, ನೀರು. ನಾಯಿಗೆ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 50ರಿಂದ 60 ಮಿಲಿಲೀಟರ್ ನೀರು ಬೇಕು. 20 ಕಿಲೋದ ನಾಯಿಗೆ ಒಂದು ಲೀಟರಿಗಿಂತ ಕಡಿಮೆ ಆಗಬಾರದು. ಊಟದ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆ ನಾಯಿಗಳು ಕುಚ್ಚಲಕ್ಕಿ ಅನ್ನ, ಬೂತಾಯಿ ತಲೆ ತಿಂದು ಬೆಳೆದವು. ಕೇಂದ್ರದಲ್ಲಿ ಮೀನು ಸಿಗುವುದಿಲ್ಲ. ಯಾರೋ ಕೊಟ್ಟ ಒಣ ಆಹಾರವನ್ನು ಮೊದಲ ಸಲ ತಿಂದರೆ ಭೇದಿ ಶುರುವಾಗುತ್ತದೆ, ಮತ್ತೆ ಆ ಭೇದಿ ನೋಡಿ ಕೇಂದ್ರದವರು ಬೇಸರ ಮಾಡುತ್ತಾರೆ. ಈ ತಿಂಗಳು ಅನ್ನಕ್ಕೆ ದಿನಾ ಒಂದು ಹಿಡಿ ಒಣ ಆಹಾರ ಬೆರೆಸಿ ಹೊಟ್ಟೆಗೆ ಅಭ್ಯಾಸ ಮಾಡಿಸಿ. ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಲಿವರ್‌ಗೆ ತೊಂದರೆ ಆಗುತ್ತದೆ. ತಿನ್ನುತ್ತಿಲ್ಲ ಎಂದರೆ ಕಾಯಬೇಡಿ, ವೈದ್ಯರಿಗೆ ತೋರಿಸಿ.

ಗುರುತು. ಚರ್ಮದ ಅಡಿ ಹಾಕುವ ಮೈಕ್ರೋಚಿಪ್ ಒಳ್ಳೆಯದೇ, ಆದರೆ ಓದುವ ಯಂತ್ರ ಇದ್ದವರಿಗೆ ಮಾತ್ರ ಅದು ಕಾಣುತ್ತದೆ. ನೆರೆಯಲ್ಲಿ ಸಿಕ್ಕಿದ ನಾಯಿಯನ್ನು ಹಿಡಿಯುವವರು ಪಕ್ಕದೂರಿನ ಹುಡುಗರು. ಅವರಿಗೆ ಬೇಕಾದದ್ದು ಬೆಲ್ಟಿನ ಮೇಲೆ ದೊಡ್ಡದಾಗಿ ಬರೆದ ಮೊಬೈಲ್ ನಂಬರ್. ಅಳಿಸದ ಮಾರ್ಕರ್‌ನಲ್ಲಿ ಎರಡು ನಂಬರ್ ಬರೆಯಿರಿ, ಒಂದು ಬೇರೆ ಊರಿನ ನೆಂಟರದ್ದು ಇರಲಿ. ನಿಮ್ಮ ಫೋನ್ ನೀರಿಗೆ ಬಿದ್ದಿರಬಹುದು. ಬೆಕ್ಕಿಗೆ ಎಳೆದರೆ ತಾನೇ ಬಿಚ್ಚಿಕೊಳ್ಳುವ ಬೆಲ್ಟ್ ಹಾಕಿ. ನಾಯಿ ಬೆಕ್ಕುಗಳ ಜೊತೆ ನೀವೂ ಇರುವ ಫೋಟೋ ತೆಗೆದು ನೆಂಟರಿಗೂ ಕಳಿಸಿಡಿ. ಆಮೇಲೆ ಇದು ನನ್ನದೇ ಎಂದು ತೋರಿಸಲು ಅದೇ ಸಾಕ್ಷಿ.

ಬಿಟ್ಟು ಹೋಗಲೇಬೇಕಾಗಿ ಬಂದರೆ

ಎಲ್ಲ ತಯಾರಿ ಮಾಡಿಯೂ ಹಾಗಾಗಬಹುದು. ಆಗ ಹಗ್ಗ ಬಿಚ್ಚಿ. ಟೆರೇಸಿಗೋ ಅಟ್ಟಕ್ಕೋ ಹೋಗುವ ದಾರಿ ತೆರೆದಿಡಿ. ನಾಯಿ ಮತ್ತು ಬೆಕ್ಕು ಒಂದೇ ಕೋಣೆಯಲ್ಲಿ ಬೇಡ. ಮೇಲೆ ಎರಡು ಮೂರು ಅಗಲ ಪಾತ್ರೆಗಳಲ್ಲಿ ನೀರಿಡಿ, ಊಟಕ್ಕಿಂತ ನೀರು ಮುಖ್ಯ. ನೆಲ ಅಂತಸ್ತಿನ ಕೋಣೆಗೆ ಹಾಕಿ ಬಾಗಿಲು ಮುಚ್ಚಬೇಡಿ. ಮೈನ್ ಸ್ವಿಚ್ ಆಫ್ ಮಾಡಿ. ಹೊರಗೋಡೆಯ ಮೇಲೆ, ದೋಣಿಯಿಂದ ಕಾಣುವ ಎತ್ತರದಲ್ಲಿ, ಒಳಗೆ ಯಾವ ಪ್ರಾಣಿ ಎಷ್ಟು ಎಂದು ಮತ್ತು ನಿಮ್ಮ ನಂಬರ್ ಬರೆಯಿರಿ. ಸುರಕ್ಷಿತ ಜಾಗಕ್ಕೆ ಮುಟ್ಟಿದ ಕೂಡಲೇ ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೆ ಫೋನ್ ಮಾಡಿ ತಿಳಿಸಿ. ಗಾಯಗೊಂಡ ಪ್ರಾಣಿಗೆ ಪಶುಪಾಲನಾ ಇಲಾಖೆಯ 1962 ಇದೆ. ನೀರಿರುವಾಗ ನೀವೇ ವಾಪಸ್ ಈಜಿ ಹೋಗುವ ಸಾಹಸ ಮಾತ್ರ ಬೇಡ, ದಯವಿಟ್ಟು.

ದನ ಕರುವಿನ ವಿಷಯ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹಗಲಿನಲ್ಲೇ ಸಾಗಿಸಿ. ಕರುವನ್ನು ಮುಂದೆ ನಡೆಸಿದರೆ ತಾಯಿ ಹಿಂದೆ ಬರುತ್ತದೆ. ತಾಯಿಯನ್ನು ಮೊದಲು ಎಳೆದರೆ ಅದು ನಿಂತಲ್ಲೇ ನಿಲ್ಲುತ್ತದೆ. ಹಟ್ಟಿಯ ಹಗ್ಗದಲ್ಲಿ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕುವ ಅಭ್ಯಾಸ ಮಾಡಿ, ಪಕ್ಕದಲ್ಲೊಂದು ಕತ್ತಿ ಸಿಕ್ಕಿಸಿಡಿ. ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಮಳೆಗೆ ಮೊದಲೇ ಆಗಬೇಕು. ಕಿವಿ ಓಲೆಯ 12 ಅಂಕಿಯ ಫೋಟೋ ತೆಗೆದಿಡಿ. ಹಾಲು ಕೊಡುವ ದನ ನೆರೆಯಲ್ಲಿ ಸತ್ತರೆ ಸರಕಾರದ ಪರಿಹಾರ ಇದೆ, ಅದಕ್ಕೆ ಪಶುವೈದ್ಯರ ವರದಿ ಬೇಕು. ನೆಂದ ಹಿಂಡಿ, ಬೂಸಲು ಹಿಡಿದ ಬೈಹುಲ್ಲು ಎಷ್ಟೇ ನಷ್ಟವಾದರೂ ಹಾಕಬೇಡಿ. ಅದರ ವಿಷ ಹಾಲಿಗೂ ಬರುತ್ತದೆ.

ಇಲಿ ಜ್ವರ, ಮಕ್ಕಳು

ನಿಮ್ಮ ಹೆದರಿಕೆ ಸುಮ್ನೆ ಅಲ್ಲ. ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಮಳೆಗಾಲದ ಪರಿಚಿತ ಕಾಯಿಲೆ. ಇಲಿಯ ಮೂತ್ರದಲ್ಲಿ ಹೊರಬರುವ ರೋಗಾಣು ನಿಂತ ನೀರು, ಕೆಸರಿನಲ್ಲಿ ವಾರಗಟ್ಟಲೆ ಬದುಕುತ್ತದೆ. ಕಾಲಿನ ಬಿರುಕು, ಸಣ್ಣ ಗಾಯ, ಕಣ್ಣು, ಬಾಯಿಯ ಮೂಲಕ ಮೈ ಸೇರುತ್ತದೆ. ನಾಯಿಗೂ ಹಾಗೇ. ಸೋಂಕು ತಗಲಿದ ನಾಯಿಯ ಮೂತ್ರದಿಂದ ಮನೆಯವರಿಗೂ ಬರಬಹುದು. ಆದರೆ ನಮ್ಮ ಮಕ್ಕಳಿಗೆ ಅಪಾಯ ನಾಯಿಗಿಂತ ಜಾಸ್ತಿ ಅದೇ ಕೆಸರು ನೀರಿನಿಂದ. ಬರಿಗಾಲಿನಲ್ಲಿ ನೆರೆ ನೀರಿಗೆ ಇಳಿಯುವುದನ್ನು ಮೊದಲು ನಿಲ್ಲಿಸಿ. ನಾಯಿಯನ್ನು ಮನೆಯಿಂದ ಹೊರಗೆ ಹಾಕುವುದು ಪರಿಹಾರ ಅಲ್ಲ.

ನೆರೆ ನೀರಿನಲ್ಲಿ ನೆಂದ ನಾಯಿಯನ್ನು ಶುದ್ಧ ನೀರು, ಸೋಪಿನಲ್ಲಿ ತೊಳೆದು ಒರೆಸಿ. ತೊಳೆಯುವವರು ಗ್ಲೌಸ್ ಹಾಕಲಿ. ಬೆರಳ ಸಂದಿ, ಕಿವಿ, ಹೊಟ್ಟೆಯ ಅಡಿ ಗಾಯ ಇದೆಯಾ ನೋಡಿ. ಬಾವಿಗೆ ನೆರೆ ನೀರು ಹೋಗಿದ್ದರೆ ನಾಯಿಗೂ ಕುದಿಸಿ ಆರಿಸಿದ ನೀರನ್ನೇ ಕೊಡಿ. ಆಮೇಲೆ ಎರಡು ಮೂರು ವಾರ ಗಮನ ಇಡಿ. ಊಟ ಬಿಡುವುದು, ವಾಂತಿ, ಜ್ವರ, ಏಳಲು ಕೂರಲು ನೋವು, ಮೂತ್ರ ತೀರಾ ಜಾಸ್ತಿ ಅಥವಾ ಕಡಿಮೆ. ತುಟಿ ಎತ್ತಿ ವಸಡು ನೋಡಿ, ಕಣ್ಣಿನ ರೆಪ್ಪೆ ಎಳೆದು ಬಿಳಿ ಭಾಗ ನೋಡಿ. ಹಳದಿ ಕಂಡರೆ ಅದೇ ದಿನ ಆಸ್ಪತ್ರೆಗೆ ತನ್ನಿ. ಬೇಗ ಬಂದರೆ ಔಷಧ ಇದೆ, ಕಿಡ್ನಿ ಕೆಟ್ಟ ಮೇಲೆ ಉಳಿಸುವುದು ಕಷ್ಟ. ಮನೆಯವರಿಗೆ ಯಾರಿಗಾದರೂ ಜ್ವರ, ಮೈಕೈ ನೋವು ಬಂದರೆ ನೆರೆ ನೀರಿಗೆ ಇಳಿದಿದ್ದೆವು, ಮನೆಯಲ್ಲಿ ನಾಯಿ ಇದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ನೀರು ಇಳಿದ ಮನೆಗೆ ನಾಯಿಯನ್ನು ಮುಂದೆ ಬಿಟ್ಟು ಹೋಗಬೇಡಿ. ಹಾವು ಬೆಚ್ಚಗಿನ ಜಾಗ ಹುಡುಕಿ ಒಳಗೆ ಸೇರಿರುತ್ತದೆ, ನಾಯಿ ಮೂಸಲು ಹೋಗಿ ಮೂತಿಗೇ ಕಚ್ಚಿಸಿಕೊಳ್ಳುತ್ತದೆ. ಕಚ್ಚಿದರೆ ಕಟ್ಟು ಹಾಕಬೇಡಿ, ಕೊಯ್ಯಬೇಡಿ, ನಡೆಸಬೇಡಿ. ಎತ್ತಿಕೊಂಡು ಬನ್ನಿ. ಮನುಷ್ಯರಿಗೆ ಕೊಡುವ ಹಾವಿನ ವಿಷದ ಇಂಜೆಕ್ಷನ್ ನಾಯಿಗೂ ಕೆಲಸ ಮಾಡುತ್ತದೆ. ಗದ್ದಲದಲ್ಲಿ ನಾಯಿಯೋ ಬೆಕ್ಕೋ ಮಕ್ಕಳಿಗೆ ಪರಚಿದರೆ, ಕಚ್ಚಿದರೆ, ನಮ್ಮದೇ ಪ್ರಾಣಿ ಎಂದು ಬಿಡಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಡಾಕ್ಟರ ಹತ್ತಿರ ಹೋಗಿ.

ಕಳೆದುಹೋದ ಬೆಕ್ಕಿನ ಆಸೆ ಪೂರ್ತಿ ಬಿಡಬೇಡಿ. ಬೆಕ್ಕುಗಳು ತಿಂಗಳುಗಳ ನಂತರ ಬೇರೆ ಮನೆಯ ಹಟ್ಟಿಯಲ್ಲಿ ಸಿಕ್ಕಿದ್ದುಂಟು. ಫೋಟೋ ಹಿಡಿದು, ನೀರು ಹರಿದ ಕಡೆಯ ಮನೆಗಳಲ್ಲಿ ಒಮ್ಮೆ ಕೇಳಿ ಬನ್ನಿ.

ಇನ್ನು ಈ ವಾರದ ಕೆಲಸ. ನಾಯಿಗೆ ಹಾಕುವ ಸಂಯುಕ್ತ ಲಸಿಕೆಯಲ್ಲಿ ಇಲಿ ಜ್ವರದ ಅಂಶ ಸೇರಿದೆಯಾ ಎಂದು ಪಶುವೈದ್ಯರಿಗೆ ಕಾರ್ಡ್ ತೋರಿಸಿ ಕೇಳಿ. ಎಲ್ಲ ಲಸಿಕೆಯಲ್ಲಿ ಇರುವುದಿಲ್ಲ. ಮೊದಲ ಸಲ ಹಾಕಿಸುವುದಾದರೆ 2ರಿಂದ 4 ವಾರದ ಅಂತರದಲ್ಲಿ ಎರಡು ಡೋಸ್ ಬೇಕು, ಆಮೇಲೆ ವರ್ಷಕ್ಕೊಂದು. ಎಲ್ಲ ಬಗೆಯ ಲೆಪ್ಟೊಗೂ ಇದು ತಡೆ ಅಲ್ಲ, ಆದರೂ ಜೀವ ಉಳಿಸುತ್ತದೆ. ರೇಬೀಸ್ ಲಸಿಕೆ ಬಾಕಿ ಇದ್ದರೆ ನಾಯಿ ಬೆಕ್ಕು ಎರಡಕ್ಕೂ ಹಾಕಿಸಿ. ಇಲಿ ಜ್ವರದ ಲಸಿಕೆಯ ಮೊದಲ ಡೋಸ್ ಈ ವಾರ ಆದರೆ ಎರಡನೆಯದು ಜೂನ್ ಮಳೆ ಹಿಡಿಯುವ ಹೊತ್ತಿಗೆ ಮುಗಿದಿರುತ್ತದೆ. ಬರುವಾಗ ಹೊಸ ಹಾರ್ನೆಸ್ ಹಾಕಿಕೊಂಡೇ ಕರೆತನ್ನಿ, ಅಳತೆ ಸರಿ ಇದೆಯಾ ನೋಡಿ ಕೊಡುತ್ತಾರೆ.